ಮೀನಿನ ಹೆಸರು ಗೊತ್ತು, ಅಳತೆ ಗೊತ್ತೆ?

ಬೆಂಗಳೂರಿನ ಹಲವು ಅಂಗಡಿಗಳಲ್ಲಿ ‘ಪಾಂಫ್ರೆಟ್’ ಎಂದು ಅಗ್ಗಕ್ಕೆ ಮಾರುವ ಅಗಲವಾದ ಮೀನೊಂದಿದೆ. ಹೊಟ್ಟೆಯ ಕಡೆ ಕೆಂಪು ಛಾಯೆ. ಬಾಯಿ ತೆರೆದರೆ ಮನುಷ್ಯರ ಬಾಯಲ್ಲಿರುವಂಥ ಚಪ್ಪಟೆ ಹಲ್ಲುಗಳ ಸಾಲು. ಅದು ಮಾಂಜಿ (ನಿಜವಾದ ಪಾಂಫ್ರೆಟ್) ಅಲ್ಲ, ಸಮುದ್ರದ ಮೀನೂ ಅಲ್ಲ. ದಕ್ಷಿಣ ಅಮೆರಿಕದ ನದಿಗಳಿಂದ ಬಂದು ನಮ್ಮ ಕೊಳಗಳಲ್ಲಿ ಸಾಕಣೆಯಾಗುತ್ತಿರುವ ರೂಪ್‌ಚಂದ್ ಅದು. ತಿಂದರೆ ಕೇಡಿಲ್ಲ, ಆದರೆ ಮಾಂಜಿಯ ಬೆಲೆ ಕೊಟ್ಟು ಅದನ್ನು ಮನೆಗೆ ತರುವುದು ನಷ್ಟ.

ಮಂಗಳೂರಿನ ದಕ್ಕೆಯಲ್ಲಿ ಅಥವಾ ಮಲ್ಪೆಯಲ್ಲಿ ಇಂಥ ಮೋಸ ನಡೆಯುವುದಿಲ್ಲ. ಅಲ್ಲಿ ಬುಟ್ಟಿಯ ಮುಂದೆ ಕುಳಿತ ಮಹಿಳೆಗೂ ಕೊಳ್ಳುವವರಿಗೂ ಮೀನಿನ ಜಾತಿ ಚೆನ್ನಾಗಿ ಗೊತ್ತು. ಆದರೆ ಅಲ್ಲಿಯೂ ಹಲವರ ಕಣ್ಣಿಗೆ ಬೀಳದ ಇನ್ನೊಂದು ಗುರುತಿದೆ: ಬುಟ್ಟಿಯಲ್ಲಿರುವ ಮೀನು ಒಮ್ಮೆಯಾದರೂ ಮೊಟ್ಟೆಯಿಟ್ಟಿದೆಯೋ, ಇನ್ನೂ ಮರಿಯೋ ಎಂಬುದು. ಅತಿಯಾದ ಮೀನುಗಾರಿಕೆಯ ಬಗ್ಗೆ ವಿಜ್ಞಾನಿಗಳು ಹೇಳುವ ಮಾತಿನ ಬಹುಪಾಲು ಈ ಎರಡನೆಯ ಗುರುತಿನಲ್ಲಿದೆ. ಜಾತಿಯನ್ನೂ ವಯಸ್ಸನ್ನೂ ಒಟ್ಟಿಗೆ ಓದಲು ಕಲಿತರೆ, ಸಮುದ್ರದಲ್ಲಿ ಏನಾಗುತ್ತಿದೆ ಎಂಬುದರ ಒಂದು ಅಂದಾಜು ಮಾರುಕಟ್ಟೆಯಲ್ಲಿ ನಿಂತೇ ಸಿಗುತ್ತದೆ.

ಮೊದಲು ಜಾತಿ

ಹೆಸರುಗಳ ಗೊಂದಲವನ್ನು ಒಂದೇ ಉಸಿರಿನಲ್ಲಿ ಮುಗಿಸೋಣ. ಮಂಗಳೂರು, ಉಡುಪಿಯಲ್ಲಿ ಬೂತಾಯಿ ಎನ್ನುವ ಮೀನು ಕುಂದಾಪುರದ ಕಡೆ ಬೈಗೆ, ಕಾರವಾರದಲ್ಲಿ ತಾರ್ಲೆ, ಗಡಿ ದಾಟಿದರೆ ಮತ್ತಿ. ಅಂಜಲ್ ಎಂದರೂ ಇಸ್ವಣ ಎಂದರೂ ಸುರಮಯಿ ಎಂದರೂ ಒಂದೇ ಬಳಗದ ಮೀನು. ಸಿಗಡಿಯನ್ನು ತುಳುವಿನವರು ಎಟ್ಟಿ ಎನ್ನುತ್ತಾರೆ, ಕುಂದಾಪುರದವರು ಚಟ್ಲಿ ಎನ್ನುತ್ತಾರೆ. ಇಲ್ಲಿ ಹೆಚ್ಚಾಗಿ ಮಂಗಳೂರು, ಉಡುಪಿ ಭಾಗದ ಹೆಸರುಗಳನ್ನೇ ಬಳಸುತ್ತೇನೆ.

ಮಾಂಜಿಯಿಂದಲೇ ಆರಂಭಿಸಬಹುದು, ಏಕೆಂದರೆ ಹೆಚ್ಚು ಮೋಸ ನಡೆಯುವುದು ಅಲ್ಲಿಯೇ. ನಿಜವಾದ ಬಿಳಿ ಮಾಂಜಿಯ ಮೈ ವಜ್ರದ ಆಕಾರದ್ದು, ಬೆಳ್ಳಿ ಬಣ್ಣದ್ದು. ಹುರುಪೆ ಎಷ್ಟು ಸಣ್ಣದೆಂದರೆ ಕೈ ತಾಗಿದರೆ ಉದುರಿಹೋಗುತ್ತದೆ. ಬೆನ್ನಿನ ರೆಕ್ಕೆಯೂ ಅದರ ನೇರಕ್ಕೆ ಕೆಳಗಿರುವ ರೆಕ್ಕೆಯೂ ಹಿಂದಕ್ಕೆ ಬಾಗಿ ಚೂಪಾಗಿ ಮುಗಿಯುತ್ತವೆ. ಬಾಲ ಆಳವಾಗಿ ಕವಲೊಡೆದಿದ್ದು ಕೆಳಗಿನ ಕವಲು ಉದ್ದವಾಗಿರುತ್ತದೆ. ಬಹುತೇಕ ಮೀನುಗಳಿಗೆ ಹೊಟ್ಟೆಯ ಅಡಿಯಲ್ಲಿ ಇರುವ ಜೋಡಿ ರೆಕ್ಕೆ ಬೆಳೆದ ಮಾಂಜಿಗೆ ಇರುವುದಿಲ್ಲ. ರೂಪ್‌ಚಂದ್‌ಗೆ ಆ ಜೋಡಿ ಇದೆ. ಅಷ್ಟೇ ಅಲ್ಲದೆ ಅದರ ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ ಎಲುಬಿಲ್ಲದ ಪುಟ್ಟ ಮಾಂಸದ ರೆಕ್ಕೆಯೊಂದಿದೆ. ಈ ಪುಟ್ಟ ರೆಕ್ಕೆ ಕಂಡರೆ ಬೇರೆ ಪರೀಕ್ಷೆಯೇ ಬೇಡ. ಕಪ್ಪು ಮಾಂಜಿ ಹೆಸರಿಗೆ ಮಾಂಜಿಯಾದರೂ ಬೇರೆ ಕುಟುಂಬಕ್ಕೆ ಸೇರಿದ್ದು. ಬಾಲದ ಬುಡದಲ್ಲಿ ಬೆರಳಾಡಿಸಿದರೆ ಗಟ್ಟಿಯಾದ ಏಣು ಸಿಗುತ್ತದೆ. ಬಿಳಿ ಮಾಂಜಿಯಲ್ಲಿ ಆ ಜಾಗ ನುಣುಪು.

ಬಂಗುಡೆಯ ಬೆನ್ನು ಹಸಿರು ಮಿಶ್ರಿತ ನೀಲಿ. ಬೆನ್ನಿನ ಉದ್ದಕ್ಕೆ ಕಪ್ಪು ಚುಕ್ಕೆಗಳ ಸಾಲು, ಎದೆಯ ರೆಕ್ಕೆಯ ಬುಡದ ಹತ್ತಿರ ಒಂದು ಕಪ್ಪು ಮಚ್ಚೆ, ತಾಜಾ ಇದ್ದಾಗ ಪಕ್ಕದಲ್ಲಿ ಬಂಗಾರದ ಬಣ್ಣದ ಗೆರೆಗಳು. ಬಾಲದ ಕಡೆ ಮೇಲೂ ಕೆಳಗೂ ಬಿಡಿಬಿಡಿಯಾಗಿ ನಿಂತ ಚಿಕ್ಕ ಚಿಕ್ಕ ರೆಕ್ಕೆಗಳಿವೆ. ಈ ಬಿಡಿರೆಕ್ಕೆಗಳು ಅಂಜಲ್ ಮತ್ತು ಕೇದರ್ (ಟ್ಯೂನಾ) ಮೀನಿಗೂ ಇವೆ. ಮೂರೂ ಒಂದೇ ಕುಟುಂಬದವು. ಕೇದರಿನ ಮೈ ಗುಂಡಗೆ ಬಿಗಿಯಾಗಿದ್ದು, ಕತ್ತರಿಸಿದಾಗ ಮಾಂಸ ಕಡುಕೆಂಪಾಗಿ ಕಾಣುತ್ತದೆ.

ಬೂತಾಯಿ ಸಪೂರ. ಕಿವಿರಿನ ಮುಚ್ಚಳದ ಅಂಚಿನಲ್ಲಿ ಒಂದು ಕಪ್ಪು ಗುರುತು, ಅದರ ಹಿಂದೆ ಹಳದಿ ಛಾಯೆ, ಬೆನ್ನಿಗೂ ಹೊಟ್ಟೆಗೂ ನಡುವೆ ಬಂಗಾರದ ಪಟ್ಟಿ. ಹೊಟ್ಟೆಯ ಕೆಳಗಿನ ಅಂಚನ್ನು ಬಾಲದಿಂದ ತಲೆಯ ಕಡೆಗೆ ಸವರಿದರೆ ಚೂಪು ಹುರುಪೆಗಳು ಬೆರಳಿಗೆ ತಗಲುತ್ತವೆ. ಮೈಗೆ ಹೋಲಿಸಿದರೆ ಬೂತಾಯಿಯ ತಲೆ ಉದ್ದ. ತಲೆ ಚಿಕ್ಕದಾಗಿ ಮೈ ಅಗಲವಾಗಿದ್ದರೆ ಅದು ಅದೇ ಬಳಗದ ಬೇರೆ ಮೀನು. ಅದರಲ್ಲಿ ಎಣ್ಣೆಯಂಶ ಕಡಿಮೆ, ರುಚಿಯೂ ಕಡಿಮೆ. ನಮ್ಮ ಕಡಲಲ್ಲಿ ಬೂತಾಯಿ ಸಿಗದ ದಿನಗಳಲ್ಲಿ ಓಮನ್‌ನಿಂದ ಬಂದ ಬೂತಾಯಿಯೂ ಮಾರುಕಟ್ಟೆಯಲ್ಲಿರುತ್ತದೆ.

ಅಂಜಲ್ ಕೊಳ್ಳುವವರು ಸಾಮಾನ್ಯವಾಗಿ ಇಡೀ ಮೀನನ್ನು ನೋಡುವುದೇ ಇಲ್ಲ, ತುಂಡುಗಳನ್ನಷ್ಟೇ ನೋಡುತ್ತಾರೆ. ಆದ್ದರಿಂದ ಚರ್ಮ ಇರುವ ತುಂಡನ್ನೇ ಕೇಳಿ. ದೊಡ್ಡ ಅಂಜಲಿನ ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ಅಲೆಅಲೆಯಾದ ಕಡು ಪಟ್ಟೆಗಳಿರುತ್ತವೆ. ಅದಕ್ಕಿಂತ ಗಾತ್ರದಲ್ಲಿ ಚಿಕ್ಕದಾದ ಇನ್ನೊಂದು ಜಾತಿಯ ಅಂಜಲಿಗೆ ಪಟ್ಟೆಗಳ ಬದಲು ದುಂಡು ಚುಕ್ಕೆಗಳ ಸಾಲುಗಳಿವೆ. ಎರಡಕ್ಕೂ ಹುರುಪೆ ಇದೆಯೋ ಇಲ್ಲವೋ ಎನ್ನುವಷ್ಟು ಚರ್ಮ ನುಣುಪು. ತುಂಡಿನ ಚರ್ಮದ ಮೇಲೆ ಸ್ಪಷ್ಟವಾದ ದೊಡ್ಡ ಹುರುಪೆ ಕಂಡರೆ ಅದು ಅಂಜಲ್ ಅಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಉಳಿದವು ಸುಲಭ. ಕಾಣೆ ಮೀನು ಉದ್ದಕ್ಕೆ ನೀಳವಾಗಿ, ಮೂತಿ ಚೂಪಾಗಿ, ಮಾಂಸ ಬೆಳ್ಳಗೆ ಇರುತ್ತದೆ. ನಂಗ್ ಮೀನಿನ ಎರಡು ಕಣ್ಣುಗಳೂ ಒಂದೇ ಬದಿಯಲ್ಲಿರುವುದರಿಂದ ಯಾರಿಗೂ ತಪ್ಪುವುದಿಲ್ಲ. ಮರಿಯಾಗಿದ್ದಾಗ ಎರಡು ಬದಿಗೂ ಒಂದೊಂದು ಕಣ್ಣಿದ್ದು, ಬೆಳೆಯುತ್ತ ಒಂದು ಕಣ್ಣು ಇನ್ನೊಂದು ಬದಿಗೆ ಸರಿಯುತ್ತದೆ. ಪಾಂಬೊಲ್ ಬೆಳ್ಳಿಯ ಪಟ್ಟಿಯ ಹಾಗೆ ಚಪ್ಪಟೆಯಾಗಿ ಉದ್ದ, ಬಾಲ ದಾರದಂತೆ ಸಣ್ಣಗಾಗಿ ಮುಗಿಯುತ್ತದೆ. ಗುಲಾಬಿ ಮೈಮೇಲೆ ಹಳದಿ ಗೆರೆಯಿದ್ದರೆ ಮದ್ಮಲ್. ಇದನ್ನೇ ರಾಣಿ ಮೀನು ಎಂದೂ ಮಾರುತ್ತಾರೆ.

ತಿನ್ನಬಾರದ ಮೀನುಗಳ ಮಾತನ್ನು ಬಿಡುವಂತಿಲ್ಲ. ಮುಟ್ಟಿದರೆ ಚೆಂಡಿನಂತೆ ಉಬ್ಬುವ, ಮುಂದೆ ಕೊಕ್ಕಿನಂಥ ಹಲ್ಲಿರುವ ಮೀನಿನ ಪಿತ್ತಜನಕಾಂಗದಲ್ಲಿ, ಮೊಟ್ಟೆಚೀಲದಲ್ಲಿ ಪ್ರಾಣಾಂತಿಕ ವಿಷವಿರುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಇನ್ನೊಂದು ಅಪಾಯ ಮೀನಿನ ಜಾತಿಗಿಂತ ಅದು ಬದುಕಿದ ಜಾಗದಿಂದ ಬರುವಂಥದ್ದು. ಹವಳದ ದಿಬ್ಬಗಳಲ್ಲಿ ಬೆಳೆಯುವ ಸೂಕ್ಷ್ಮ ಪಾಚಿಯ ವಿಷ ಚಿಕ್ಕ ಮೀನಿಂದ ದೊಡ್ಡ ಮೀನಿಗೆ ದಾಟುತ್ತ, ಕೆಂಬೇರಿಯಂಥ ದೊಡ್ಡ ಬೇಟೆಗಾರ ಮೀನುಗಳ ದೇಹದಲ್ಲಿ, ಮುಖ್ಯವಾಗಿ ತಲೆ ಮತ್ತು ಒಳಾಂಗಗಳಲ್ಲಿ ಸೇರಿಕೊಳ್ಳುತ್ತದೆ. 2016ರಲ್ಲಿ ಮಂಗಳೂರಿನಲ್ಲಿ ಇಂಥ ಮೀನಿನ ತಲೆಯ ಭಾಗ ತಿಂದ ಅನೇಕರು ಒಟ್ಟಿಗೇ ಆಸ್ಪತ್ರೆ ಸೇರಿದ್ದು ಈ ಕಾರಣದಿಂದಲೇ. ತಣ್ಣೀರು ಮುಟ್ಟಿದರೆ ಸುಟ್ಟಂತೆ ಅನಿಸುವುದು ಈ ವಿಷದ ವಿಚಿತ್ರ ಲಕ್ಷಣ. ಬಹಳ ದೊಡ್ಡ ಕೆಂಬೇರಿ, ಮುರು ಮೀನುಗಳ ತಲೆಯನ್ನು ಬಿಡುವುದು ಒಳ್ಳೆಯದು. ಬಂಗುಡೆ, ಬೂತಾಯಿ, ಕೇದರ್ ವಿಷಯದಲ್ಲಿ ಎಚ್ಚರಿಕೆ ಬೇರೆ: ಇವನ್ನು ಐಸಿಲ್ಲದೆ ಬಿಸಿಲಲ್ಲಿ ಇಟ್ಟರೆ ಮಾಂಸದಲ್ಲಿ ಹಿಸ್ಟಮಿನ್ ಹೆಚ್ಚುತ್ತದೆ, ತಿಂದವರಿಗೆ ಮೈ ಕೆಂಪೇರಿ ತುರಿಕೆ, ತಲೆನೋವು ಬರುತ್ತದೆ. ಕುದಿಸಿದರೂ ಹುರಿದರೂ ಅದು ನಾಶವಾಗುವುದಿಲ್ಲ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ಹೊಳೆಯಬೇಕು, ಒತ್ತಿದ ಬೆರಳಿನ ಗುರುತು ಮಾಂಸದಲ್ಲಿ ಉಳಿಯಬಾರದು ಎಂಬ ಹಳೆಯ ಪರೀಕ್ಷೆ ಇಂದಿಗೂ ಸರಿ.

ನೂರರ ನೋಟು ಮತ್ತು ಬಂಗುಡೆ

ಈಗ ಅಳತೆ. ಬೂತಾಯಿ ಸುಮಾರು 15 ಸೆಂಟಿಮೀಟರ್ ಉದ್ದವಾಗುವ ಹೊತ್ತಿಗೆ ಮೊದಲ ಸಲ ಮೊಟ್ಟೆಯಿಡಲು ಸಿದ್ಧವಾಗುತ್ತದೆ. ಬಂಗುಡೆಗೆ ಆ ಗಾತ್ರ ಸುಮಾರು 18ರಿಂದ 20 ಸೆಂಟಿಮೀಟರ್. ಪಟ್ಟೆಯಿರುವ ದೊಡ್ಡ ಅಂಜಲ್ ಸುಮಾರು 70 ಸೆಂಟಿಮೀಟರ್ ಆಗುವವರೆಗೆ ಮರಿಯೇ.

ಸ್ಕೇಲು ಹಿಡಿದು ಮಾರುಕಟ್ಟೆಗೆ ಹೋಗುವವರಿಲ್ಲ. ಆದರೆ ನೋಟು ಎಲ್ಲರ ಕೈಯಲ್ಲೂ ಇರುತ್ತದೆ. ಈಗಿನ ನೇರಳೆ ಬಣ್ಣದ ನೂರು ರೂಪಾಯಿ ನೋಟಿನ ಉದ್ದ 14.2 ಸೆಂಟಿಮೀಟರ್, ಐನೂರರ ನೋಟಿನ ಉದ್ದ ಸರಿಯಾಗಿ 15. ಮೂತಿಯಿಂದ ಬಾಲದ ತುದಿಯವರೆಗೆ ಐನೂರರ ನೋಟಿನಷ್ಟು ಉದ್ದವಿಲ್ಲದ ಬೂತಾಯಿ ಬಹುಮಟ್ಟಿಗೆ ಇನ್ನೂ ಸಂತಾನ ಕಾಣದ ಮೀನು. ಬಂಗುಡೆ ಆ ನೋಟಿಗಿಂತ ಮೂರು ಬೆರಳಿನಷ್ಟಾದರೂ ಉದ್ದವಿರಬೇಕು.

ಕೇರಳ 2015ರಲ್ಲಿ ದೇಶದಲ್ಲೇ ಮೊದಲ ಬಾರಿಗೆ 14 ಜಾತಿಗಳಿಗೆ ಹಿಡಿಯಬಹುದಾದ ಕನಿಷ್ಠ ಗಾತ್ರವನ್ನು ಕಾನೂನಿನಲ್ಲಿ ಗೊತ್ತುಪಡಿಸಿತು. ಮುಂದೆ ಆ ಪಟ್ಟಿ 58 ಜಾತಿಗಳಿಗೆ ಬೆಳೆಯಿತು. ಅದರ ಪ್ರಕಾರ ಬೂತಾಯಿ 10 ಸೆಂಟಿಮೀಟರಿಗಿಂತ, ಬಂಗುಡೆ 14 ಸೆಂಟಿಮೀಟರಿಗಿಂತ ಚಿಕ್ಕದಿರಬಾರದು. ಅಂದರೆ ಹೆಚ್ಚುಕಡಿಮೆ ನೂರರ ನೋಟಿನಷ್ಟೂ ಉದ್ದವಿಲ್ಲದ ಬಂಗುಡೆ ಅಲ್ಲಿ ಕಾನೂನಿಗೆ ವಿರುದ್ಧ. ಮಹಾರಾಷ್ಟ್ರವೂ 2023ರಲ್ಲಿ 54 ಜಾತಿಗಳಿಗೆ ಇಂಥ ಮಿತಿ ಹಾಕಿತು. ಅದೇ ವರ್ಷ ಬಿಳಿ ಮಾಂಜಿಯನ್ನು ರಾಜ್ಯದ ಮೀನಾಗಿ ಘೋಷಿಸಿತು.

ಇಲ್ಲೊಂದು ವಿಷಯವನ್ನು ಗಮನಿಸಬೇಕು. ಕಾನೂನಿನ ಅಳತೆ ಮತ್ತು ಮೀನು ಪ್ರಾಯಕ್ಕೆ ಬರುವ ಅಳತೆ ಒಂದೇ ಅಲ್ಲ, ಕಾನೂನಿನದು ಚಿಕ್ಕದು. ಹತ್ತಾರು ಜಾತಿಗಳು ಒಟ್ಟಿಗೆ ಬೀಳುವ ನಮ್ಮ ಬಲೆಗಳಲ್ಲಿ ಪ್ರತಿ ಜಾತಿಗೂ ಪೂರ್ತಿ ಬೆಳೆದ ಗಾತ್ರವನ್ನೇ ಮಿತಿ ಮಾಡಿದರೆ ಬೋಟುಗಳು ದಡದಲ್ಲೇ ನಿಲ್ಲಬೇಕಾಗುತ್ತದೆ ಎಂಬ ಲೆಕ್ಕದಿಂದ ಬಂದ ರಾಜಿ ಅದು. ಆ ರಾಜಿ ಅಗತ್ಯವೆಂದು ನಾನೂ ಒಪ್ಪುತ್ತೇನೆ. ಆದರೆ ಕೊಳ್ಳುವವರಿಗೆ ಆ ಕಷ್ಟವಿಲ್ಲ; ನಮ್ಮ ಅಳತೆ ಮೀನು ಪ್ರಾಯಕ್ಕೆ ಬರುವ ಅಳತೆಯೇ ಆಗಿರಬಹುದು.

ಮರಿ ಹಿಡಿಯುವುದರಿಂದ ಆಗುವ ನಷ್ಟವನ್ನು ತೂಕದಲ್ಲೇ ನೋಡಬಹುದು. ಮೀನಿನ ತೂಕ ಅದರ ಉದ್ದದ ಘನಕ್ಕೆ ಅನುಗುಣವಾಗಿ ಏರುತ್ತದೆ. ಉದ್ದ ಎರಡರಷ್ಟಾದರೆ ತೂಕ ಸುಮಾರು ಎಂಟರಷ್ಟು. 12 ಸೆಂಟಿಮೀಟರಿನ ಬಂಗುಡೆ 20 ಗ್ರಾಂ ತೂಗುವುದೂ ಕಷ್ಟ. ಅದೇ ಮೀನು ಕೆಲವು ತಿಂಗಳು ಬದುಕಿ 22 ಸೆಂಟಿಮೀಟರಾದರೆ ನೂರು ಗ್ರಾಂ ದಾಟುತ್ತದೆ. ಆ ಅವಧಿಯಲ್ಲಿ ಒಂದಷ್ಟು ಮರಿಗಳು ದೊಡ್ಡ ಮೀನುಗಳ ಬಾಯಿಗೆ ಹೋದರೂ ಉಳಿದವುಗಳ ಒಟ್ಟು ತೂಕ ಹೆಚ್ಚೇ ಇರುತ್ತದೆ. ಮರಿಗಳನ್ನು ಹಿಡಿದು ಸಮುದ್ರ ಕೊಡಬಹುದಾಗಿದ್ದ ತೂಕವನ್ನೇ ಕಳೆದುಕೊಳ್ಳುವುದು ಅತಿ ಮೀನುಗಾರಿಕೆಯ ಒಂದು ಬಗೆ. ಮೊಟ್ಟೆಯಿಡುವ ಮೀನುಗಳನ್ನೇ ಎಷ್ಟರಮಟ್ಟಿಗೆ ಬಾಚಿಬಿಡುವುದೆಂದರೆ ಮುಂದಿನ ವರ್ಷಕ್ಕೆ ಸಾಕಷ್ಟು ಮರಿಯೇ ಹುಟ್ಟದಂತಾಗುವುದು ಇನ್ನೊಂದು ಬಗೆ. ಮೊದಲನೆಯದು ಆದಾಯವನ್ನು ಕಡಿಮೆ ಮಾಡುತ್ತದೆ. ಎರಡನೆಯದು ಸಂತತಿಯನ್ನೇ ಅಳಿಸಬಲ್ಲದು. ಅದು ನಮ್ಮ ಕರಾವಳಿಯಲ್ಲೇ ನಡೆದಿದೆ.

ತೇಡೆಯ ಕಥೆ

ಬಂಗುಡೆ, ಬೂತಾಯಿಗಳು ಹತ್ತಾರು ಸಾವಿರ ಮೊಟ್ಟೆಗಳನ್ನು ನೀರಿಗೆ ಬಿಟ್ಟು ಹೋಗುತ್ತವೆ. ಸಮುದ್ರದ ತೇಡೆ ಮೀನು (ಕ್ಯಾಟ್‌ಫಿಶ್) ಹಾಗಲ್ಲ. ಒಂದು ಹೆಣ್ಣು ಇಡುವುದು ಹತ್ತಾರು, ಹೆಚ್ಚೆಂದರೆ ನೂರರ ಆಸುಪಾಸಿನ ದೊಡ್ಡ ಮೊಟ್ಟೆಗಳನ್ನು. ಗಂಡು ಅವನ್ನು ಬಾಯಲ್ಲಿ ತುಂಬಿಕೊಂಡು, ಮರಿಗಳು ಹೊರಬಂದು ಸ್ವತಂತ್ರವಾಗಿ ಈಜುವವರೆಗೆ ಆಹಾರ ಬಿಟ್ಟು ಕಾಯುತ್ತದೆ. ಇಂಥ ಗಂಡುಗಳು ಗುಂಪುಗುಂಪಾಗಿ ಒಂದೆಡೆ ಸೇರಿರುತ್ತವೆ.

1970ರ ದಶಕದ ಮಧ್ಯಭಾಗದಲ್ಲಿ ಕರ್ನಾಟಕಕ್ಕೆ ಪರ್ಸೀನ್ ಬಲೆ ಬಂತು. ಮೀನಿನ ಗುಂಪನ್ನು ಸುತ್ತುವರಿದು, ತಳದ ಹಗ್ಗವನ್ನು ಎಳೆದು ಚೀಲದ ಬಾಯಿಯಂತೆ ಮುಚ್ಚುವ ಬಲೆ ಅದು. ಗುಂಪಿಗೆ ಗುಂಪೇ ಒಳಗೆ ಬೀಳುತ್ತದೆ. 1980ರ ದಶಕದ ಆರಂಭದಲ್ಲಿ ಮಂಗಳೂರು, ಮಲ್ಪೆಯ ಪರ್ಸೀನ್ ಬೋಟುಗಳು ಬಾಯಿ ತುಂಬ ಮೊಟ್ಟೆ, ಮರಿ ಹೊತ್ತ ಗಂಡು ತೇಡೆಗಳನ್ನು ಟನ್‌ಗಟ್ಟಲೆ ಹಿಡಿದವು. ಬಲೆಯ ಒತ್ತಡಕ್ಕೆ ಬಾಯಿಂದ ಹೊರಬಿದ್ದ ಮೊಟ್ಟೆಗಳು ಬೋಟಿನ ಮೇಲೆ ರಾಶಿ ಬಿದ್ದವು. ಒಂದೇ ಬಲೆಯಲ್ಲಿ ತಂದೆಯೂ ಹೋಯಿತು, ಮುಂದಿನ ಪೀಳಿಗೆಯೂ ಹೋಯಿತು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆಗಲೇ ಇದನ್ನು ದಾಖಲಿಸಿ ಎಚ್ಚರಿಸಿದ್ದರು. 1990ರ ದಶಕದ ಹೊತ್ತಿಗೆ ಕರ್ನಾಟಕದ ತೇಡೆ ಮೀನುಗಾರಿಕೆ ಕುಸಿದುಹೋಗಿತ್ತು. ಒಂದು ಕಾಲಕ್ಕೆ ಬಡವರ ಮನೆಯ ಸಾರಿಗೆ ಆಸರೆಯಾಗಿದ್ದ ಈ ಮೀನನ್ನು ಇಂದಿನ ಎಳೆಯರಲ್ಲಿ ಎಷ್ಟು ಜನ ಗುರುತಿಸಬಲ್ಲರು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಪರ್ಸೀನ್ ಬಂದಾಗ ಕುಸಿದದ್ದು ತೇಡೆಯೊಂದೇ ಅಲ್ಲ. ಅದಕ್ಕೂ ಮೊದಲು ಬಂಗುಡೆ, ಬೂತಾಯಿ ಹಿಡಿಯುತ್ತಿದ್ದದ್ದು ರಂಪಣಿಯಲ್ಲಿ. ದಡದಿಂದಲೇ ಬಿಟ್ಟು, ಊರಿನ ಹತ್ತಾರು ಜನ ಎರಡೂ ಕಡೆಯಿಂದ ಎಳೆದು, ಬಂದ ಮೀನನ್ನು ಪಾಲು ಹಾಕಿಕೊಳ್ಳುವ ದೊಡ್ಡ ಬಲೆ ಅದು. ಮೀನಿನ ಗುಂಪು ದಡಕ್ಕೆ ಬಂದರಷ್ಟೇ ರಂಪಣಿಗೆ ಕೆಲಸ. ಆಳದಲ್ಲೇ ಗುಂಪನ್ನು ಹಿಡಿಯುವ ಬೋಟುಗಳು ಬಂದ ಮೇಲೆ ದಡದಲ್ಲಿ ಕಾದವರಿಗೆ ಏನೂ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆಗೆ ಬಿದ್ದವು. ಮೊಗವೀರ, ಖಾರ್ವಿ ಕೇರಿಗಳ ಬದುಕಿನ ಲಯವೇ ಬದಲಾಯಿತು. ಅತಿ ಮೀನುಗಾರಿಕೆಯನ್ನು ಬರೀ ಮೀನಿನ ಲೆಕ್ಕವಾಗಿ ನೋಡುವವರು ಈ ಭಾಗವನ್ನು ಮರೆಯುತ್ತಾರೆ. ಸಮುದ್ರದಲ್ಲಿ ಮೀನು ಉಳಿದಿದ್ದರೂ ಅದು ಯಾರ ಪಾಲಿಗೆ ಎಂಬ ಪ್ರಶ್ನೆ ಬೇರೆಯೇ ಇದೆ.

ಎಲ್ಲ ಕುಸಿತವೂ ಬಲೆಯಿಂದಲ್ಲ

ತೇಡೆಯ ಕಥೆಯನ್ನು ಬೂತಾಯಿಗೆ ಹಾಗೆಯೇ ಹೊಂದಿಸಿದರೆ ತಪ್ಪಾಗುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್. ಈ ಅಂಕಿಗಳನ್ನು ನೋಡಿದವರೆಲ್ಲ ಬಲೆಯನ್ನೇ ದೂರುವುದು ಸಹಜ. ಆದರೆ ಬೂತಾಯಿಯ ಏರಿಳಿತ ಬಹಳ ಹಳೆಯದು. ದಕ್ಷಿಣ ಕನ್ನಡವೂ ಮಲಬಾರೂ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, ಇಂದಿನ ಯಾಂತ್ರಿಕ ಬೋಟುಗಳು ಬರುವ ಮೊದಲೇ, ಬೂತಾಯಿ ವಿಪರೀತ ಕಡಿಮೆಯಾಗಿ 1943ರಲ್ಲಿ ಸರಕಾರ ಅದರ ಹಿಡಿತಕ್ಕೆ ನಿರ್ಬಂಧ ಹಾಕಿತ್ತು.

ಕಾರಣ ಬೂತಾಯಿಯ ಬದುಕಿನಲ್ಲಿದೆ. ಮುಂಗಾರಿನ ಗಾಳಿ ದಡದ ಮೇಲ್ನೀರನ್ನು ದೂರದ ಕಡಲಿಗೆ ತಳ್ಳುತ್ತದೆ. ಆ ಜಾಗವನ್ನು ತುಂಬಲು ಕೆಳಗಿನ ತಣ್ಣೀರು ಮೇಲೇಳುತ್ತದೆ. ತಳದಲ್ಲಿ ಕೊಳೆತು ಸೇರಿದ ಪೋಷಕಾಂಶಗಳು ಆ ನೀರಿನೊಡನೆ ಬೆಳಕಿಗೆ ಬಂದಾಗ ಸೂಕ್ಷ್ಮ ಪಾಚಿಗಳು ಹೇರಳವಾಗಿ ಬೆಳೆಯುತ್ತವೆ. ಬೂತಾಯಿಯ ಆಹಾರ ಅದೇ, ಅದು ಮೊಟ್ಟೆಯಿಡುವ ಕಾಲವೂ ಅದೇ. ಮಳೆ ತಡವಾದರೆ, ಗಾಳಿ ದುರ್ಬಲವಾದರೆ, ಎಲ್ ನಿನೋ ವರ್ಷದಲ್ಲಿ ನೀರು ಕಾದರೆ ಮರಿಗಳಿಗೆ ಮೇವಿಲ್ಲ. 2015–16ರ ಎಲ್ ನಿನೋ ಬೂತಾಯಿಯ ಕುಸಿತಕ್ಕೆ ದೊಡ್ಡ ಕಾರಣವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಬೂತಾಯಿಯ ಆಯುಸ್ಸು ಎರಡು ಮೂರು ವರ್ಷ. ಒಂದೆರಡು ವರ್ಷ ಮರಿ ಸರಿಯಾಗಿ ಹುಟ್ಟದಿದ್ದರೆ ಇಡೀ ಸಂತತಿ ಕರಗುತ್ತದೆ. ಒಂದೆರಡು ಒಳ್ಳೆಯ ಮಳೆಗಾಲ ಸಿಕ್ಕರೆ ಮತ್ತೆ ತುಂಬಿಕೊಳ್ಳುತ್ತದೆ.

ಹಾಗಾದರೆ ಬಲೆಗೆ ಪಾತ್ರವಿಲ್ಲವೆ? ಇದೆ. ಪ್ರಕೃತಿಯೇ ಸಂತತಿಯನ್ನು ತಗ್ಗಿಸಿದ ವರ್ಷದಲ್ಲಿ ಉಳಿದ ಅಲ್ಪಸ್ವಲ್ಪ ಮೀನನ್ನೂ ಮರಿಗಳನ್ನೂ ಹಿಂದಿನಷ್ಟೇ ಬೋಟುಗಳು ಹುಡುಕಿ ಹಿಡಿದರೆ ಚೇತರಿಕೆ ತಡವಾಗುತ್ತದೆ. ಬೂತಾಯಿಯಂಥ ಗುಂಪುಮೀನಿನ ಅಪಾಯವೇ ಇದು: ಸಂಖ್ಯೆ ಎಷ್ಟು ಕಡಿಮೆಯಾದರೂ ಉಳಿದವು ಗುಂಪಾಗಿಯೇ ಇರುತ್ತವೆ, ಫಿಶ್‌ಫೈಂಡರ್ ಯಂತ್ರದ ಪರದೆಯಲ್ಲಿ ಆ ಗುಂಪು ಸುಲಭವಾಗಿ ಕಾಣುತ್ತದೆ. ಬಲೆ ತುಂಬುತ್ತಲೇ ಇರುವುದರಿಂದ ಕೊರತೆ ಕೊನೆಯ ಗಳಿಗೆಯವರೆಗೂ ಗೊತ್ತಾಗುವುದಿಲ್ಲ. ಇನ್ನು ತಾಟೆ (ಶಾರ್ಕ್), ತೊರಕೆ (ರೇ ಮೀನು) ಇಂಥ ಮೀನುಗಳು ನಿಧಾನವಾಗಿ ಬೆಳೆದು, ಹಲವು ವರ್ಷಗಳ ನಂತರ ಪ್ರಾಯಕ್ಕೆ ಬಂದು, ಬೆರಳೆಣಿಕೆಯ ಮರಿ ಹಾಕುತ್ತವೆ. ಅವಕ್ಕೆ ಬೂತಾಯಿಯ ಹಾಗೆ ಒಳ್ಳೆಯ ಮಳೆಗಾಲದಲ್ಲಿ ಎದ್ದು ನಿಲ್ಲುವ ಶಕ್ತಿಯಿಲ್ಲ.

ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ 2022ರಲ್ಲಿ ದೇಶದ ಕರಾವಳಿಯ 135 ಮೀನು ಸಂತತಿಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇಕಡ 91ರಷ್ಟು ಸುಸ್ಥಿರ ಸ್ಥಿತಿಯಲ್ಲಿವೆ ಎಂದು ಹೇಳಿತು. ಆ ವರ್ಷ ಕರ್ನಾಟಕದಲ್ಲಿ ಸುಮಾರು 6.95 ಲಕ್ಷ ಟನ್ ಸಮುದ್ರ ಮೀನು ದಡಕ್ಕೆ ಬಂತು. ತಮಿಳುನಾಡಿನ ನಂತರ ಎರಡನೆಯ ಸ್ಥಾನ. ಜಗತ್ತಿನ ಮಟ್ಟದಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಸಂತತಿಗಳು ಅತಿ ಹಿಡಿತಕ್ಕೆ ಒಳಗಾಗಿವೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುತ್ತಿರುವಾಗ ನಮ್ಮದು ಸಮಾಧಾನದ ಸುದ್ದಿಯೇ. ಇದನ್ನು ಮುಚ್ಚಿಟ್ಟು ಭಯ ಹುಟ್ಟಿಸುವುದು ಸರಿಯಲ್ಲ.

ಆದರೆ ಒಟ್ಟು ಟನ್‌ಗಳ ಲೆಕ್ಕ ಹೇಳದ ಸಂಗತಿಗಳಿವೆ. ಆ ಟನ್‌ಗಳಲ್ಲಿ ಯಾವ ಮೀನು ಎಷ್ಟು ಎಂಬುದು ಬದಲಾಗುತ್ತಿದೆ. ಮಲ್ಪೆ, ಮಂಗಳೂರಿನಲ್ಲಿ ಕಾರ್ಗಿಲ್ ಎಂದು ಕರೆಯುವ, ದಪ್ಪ ಚರ್ಮದ, ಕೆಂಪು ಹಲ್ಲಿನ ಕಡುನೀಲಿ ಮೀನು ಹಿಂದೆ ಅಪರೂಪವಾಗಿತ್ತು. ಈಗ ಕೆಲವು ಋತುಗಳಲ್ಲಿ ಬೋಟು ತುಂಬ ಬರುತ್ತದೆ. ಅದು ಹೆಚ್ಚಾಗಿ ಹೋಗುವುದು ಊಟದ ತಟ್ಟೆಗಲ್ಲ, ಮೀನನ್ನು ಒಣಗಿಸಿ ಮೇವಿನ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ. ಅಂಜಲ್ ಒಂದು ಟನ್, ಕಾರ್ಗಿಲ್ ಒಂದು ಟನ್: ಅಂಕಿಅಂಶದ ಪಟ್ಟಿಯ ಮೊತ್ತದಲ್ಲಿ ಎರಡೂ ಒಂದೇ. ಇನ್ನೊಂದು, ಅದೇ ಪ್ರಮಾಣದ ಮೀನು ತರಲು ಬೋಟುಗಳು ಈಗ ಹೋಗುವ ದೂರ. ಹಿಂದೆ ಬೆಳಗ್ಗೆ ಹೋಗಿ ಸಂಜೆಗೆ ಮರಳುತ್ತಿದ್ದ ಟ್ರಾಲ್ ಬೋಟುಗಳ ಜಾಗದಲ್ಲಿ ಇಂದು ಹತ್ತು ಹನ್ನೆರಡು ದಿನ ಕಡಲಲ್ಲೇ ಇರುವ ದೊಡ್ಡ ಬೋಟುಗಳಿವೆ. ಡೀಸೆಲ್, ಐಸು, ಕಾರ್ಮಿಕರ ಖರ್ಚು ಕಳೆದರೆ ಮಾಲೀಕರಿಗೂ ಉಳಿಯುವುದು ಕಡಿಮೆ. ಮೀನು ಪೂರ್ತಿ ಮುಗಿಯುವ ಬಹಳ ಮೊದಲೇ ಮೀನುಗಾರಿಕೆ ನಷ್ಟದ ಕೆಲಸವಾಗಬಹುದು.

ಮರಿಗಳು ಎಲ್ಲಿ ಹೋಗುತ್ತವೆ

ಟ್ರಾಲ್ ಬಲೆ ತಳವನ್ನು ಗುಡಿಸುತ್ತ ಹೋಗುವ ಉದ್ದನೆಯ ಚೀಲ. ಮೀನೆಲ್ಲ ಬಂದು ಸೇರುವುದು ಕೊನೆಯ ಭಾಗದಲ್ಲಿ. ಅಲ್ಲಿನ ಕಣ್ಣುಗಳು ಸಾಮಾನ್ಯವಾಗಿ ವಜ್ರದ ಆಕಾರದವು. ಬಲೆಯನ್ನು ಎಳೆದಾಗ ಬಿಗಿದು ಕಣ್ಣು ಮುಚ್ಚಿಕೊಳ್ಳುತ್ತದೆ. ಹೆಸರಿಗೆ ಕಣ್ಣಿನ ಅಳತೆ ದೊಡ್ಡದಿದ್ದರೂ ಮರಿ ತಪ್ಪಿಸಿಕೊಳ್ಳಲು ದಾರಿಯಿರುವುದಿಲ್ಲ. ಅದೇ ಕಣ್ಣನ್ನು ಚೌಕಾಕಾರದಲ್ಲಿ ಹೊಲಿದರೆ ಎಷ್ಟು ಎಳೆದರೂ ತೆರೆದೇ ಇರುತ್ತದೆ. ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದನ್ನು ಪರೀಕ್ಷಿಸಿ, ಕೊನೆಯ ಚೀಲಕ್ಕೆ ಚೌಕ ಕಣ್ಣಿನ ಬಲೆಯನ್ನು ಬಹುಕಾಲದಿಂದ ಶಿಫಾರಸು ಮಾಡುತ್ತಿದೆ. ಖರ್ಚು ಹೆಚ್ಚಿಲ್ಲ, ತಂತ್ರ ಕಷ್ಟದ್ದಲ್ಲ. ಆದರೂ ಬಳಕೆಗೆ ಬರುವುದು ನಿಧಾನ, ಏಕೆಂದರೆ ತಪ್ಪಿಸಿಕೊಳ್ಳುವ ಮರಿಗೂ ದಡದಲ್ಲಿ ಬೆಲೆಯಿದೆ.

ಆ ಬೆಲೆ ಕೊಡುವುದು ಫಿಶ್‌ಮೀಲ್ ಮತ್ತು ಮೀನೆಣ್ಣೆ ಕಾರ್ಖಾನೆಗಳು. ಒಂದು ಕಿಲೋ ಫಿಶ್‌ಮೀಲ್ ತಯಾರಿಸಲು ನಾಲ್ಕೈದು ಕಿಲೋ ಹಸಿ ಮೀನು ಬೇಕು. ಅದು ಸಿಗಡಿ, ಮೀನು ಸಾಕಣೆಗೂ ಕೋಳಿ ಮೇವಿಗೂ ಹೋಗುತ್ತದೆ. ಹಿಂದೆ ಯಾರೂ ಕೊಳ್ಳದ ಮರಿಮೀನನ್ನು ಸಮುದ್ರಕ್ಕೇ ಚೆಲ್ಲುತ್ತಿದ್ದರು. ಆಗಲೂ ಅದು ಸಾಯುತ್ತಿತ್ತು, ಆದರೆ ಅದನ್ನು ಹಿಡಿಯಬೇಕೆಂಬ ಆಸೆ ಯಾರಿಗೂ ಇರಲಿಲ್ಲ. ಈಗ ಕಿಲೋಗೆ ಅಷ್ಟಿಷ್ಟು ಸಿಗುವುದರಿಂದ ಮರಿಯನ್ನು ಹಿಡಿಯುವುದೂ ಲೆಕ್ಕಾಚಾರದ ಭಾಗವಾಗಿದೆ. ನನ್ನ ದೃಷ್ಟಿಯಲ್ಲಿ ಇಂದಿನ ಸಮಸ್ಯೆಯ ಗಂಟು ಇರುವುದು ಇಲ್ಲಿಯೇ. ಮೀನುಗಾರನೊಬ್ಬನ ದುರಾಸೆಯೆಂದು ಇದನ್ನು ನೋಡುವುದು ಅನ್ಯಾಯ. ಸಾಲ ತೆಗೆದು ಬೋಟು ಕಟ್ಟಿಸಿದವನು ಹತ್ತು ದಿನದ ಡೀಸೆಲ್ ಖರ್ಚನ್ನು ಹೇಗೋ ಹೊಂದಿಸಲೇಬೇಕು.

ನಿಯಮಗಳಿಲ್ಲದೆ ಇಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ; ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ. ಬೂತಾಯಿಯಂಥ ಹಲವು ಮೀನುಗಳು ಮೊಟ್ಟೆಯಿಡುವ ಕಾಲ ಇದಕ್ಕೆ ಹೊಂದುತ್ತದೆ. ಆದರೆ ನಿಷೇಧ ಮುಗಿದ ಕೂಡಲೇ, ಆ ಮೊಟ್ಟೆಗಳಿಂದ ಬಂದ ಮರಿಗಳು ಇನ್ನೂ ಬೆರಳುದ್ದ ಇರುವಾಗಲೇ ಬೋಟುಗಳೆಲ್ಲ ಒಟ್ಟಿಗೆ ಕಡಲಿಗಿಳಿಯುತ್ತವೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಮರಿ ಉಳಿಯದಿದ್ದರೆ ಜೂನ್, ಜುಲೈಯ ತ್ಯಾಗಕ್ಕೆ ಅರ್ಧ ಬೆಲೆಯಷ್ಟೇ. ಎಲ್ಇಡಿ ದೀಪ ಬೆಳಗಿಸಿ ಮೀನನ್ನು ಸೆಳೆದು ಹಿಡಿಯುವುದನ್ನೂ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲನ್ನೂ ಕೇಂದ್ರ ಸರಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಈ ನಿಷೇಧ ಕಾಗದದ ಮೇಲೆ ಸ್ಪಷ್ಟವಾಗಿದ್ದರೂ ಕಡಲಲ್ಲಿ ಪಾಲನೆಯಾಗುತ್ತಿಲ್ಲ ಎಂದು ನಾಡದೋಣಿ ಮೀನುಗಾರರು ವರ್ಷವರ್ಷವೂ ದೂರುತ್ತಲೇ ಇದ್ದಾರೆ.

ಅಂಗಡಿಯ ಮುಂದೆ ನಿಂತ ಗ್ರಾಹಕರಿಂದ ಇದೆಲ್ಲ ಸರಿಹೋಗುತ್ತದೆಂದು ನಾನು ನಂಬುವುದಿಲ್ಲ. ಫಿಶ್‌ಮೀಲ್‌ಗೆ ಹೋಗುವ ಲಾರಿಯ ಮುಂದೆ ಗ್ರಾಹಕರಿಲ್ಲ. ಆದರೂ ಅಂಗೈಯಷ್ಟಿಲ್ಲದ ಮಾಂಜಿ, ಒಂದೂವರೆ ಮೊಳದುದ್ದವೂ ಇಲ್ಲದ ಅಂಜಲ್ ಬೇಡವೆನ್ನುವುದು ನಮ್ಮ ಕೈಯಲ್ಲಿದೆ. ಅಂಜಲ್ ಮತ್ತು ಮಾಂಜಿಯನ್ನೇ ಹಿಡಿದುಕೊಳ್ಳದೆ ಕೊಡ್ಡಾಯಿ, ಮದ್ಮಲ್, ಪಾಂಬೊಲ್, ನಂಗ್ ತಿನ್ನುವುದೂ ಸಾಧ್ಯ. ಹಲವು ಮೀನುಗಳ ಮೇಲೆ ಬೇಡಿಕೆ ಹಂಚಿಹೋದರೆ ಒಂದೆರಡು ಜಾತಿಗಳ ಮೇಲಿನ ಒತ್ತಡ ತಗ್ಗುತ್ತದೆ, ಮನೆಯ ಖರ್ಚೂ ತಗ್ಗುತ್ತದೆ. ಮರಿಮೀನಿಗೆ ಬೇರೆ ಹೆಸರಿಟ್ಟು ‘ಸಣ್ಣ ಮೀನು’ ಎಂದು ಮಾರುವಾಗ ಅದು ಸ್ವಭಾವತಃ ಸಣ್ಣ ಜಾತಿಯೋ, ದೊಡ್ಡ ಜಾತಿಯ ಮರಿಯೋ ಎಂದು ಕೇಳಬೇಕು. ಕೊಲ್ಲತರು ಎಷ್ಟು ಬೆಳೆದರೂ ಸಣ್ಣದೇ. ಅದನ್ನು ನಿಶ್ಚಿಂತೆಯಿಂದ ಹುರಿದು ತಿನ್ನಬಹುದು.

ದೊಡ್ಡ ಕೆಲಸ ಆಗಬೇಕಾದದ್ದು ಬಂದರುಗಳಲ್ಲಿ ಮತ್ತು ಕಾರ್ಖಾನೆಗಳ ಗೇಟಿನಲ್ಲಿ. ಕಡಲಲ್ಲಿ ಸಾವಿರಾರು ಬೋಟುಗಳ ಹಿಂದೆ ಗಸ್ತು ತಿರುಗುವುದಕ್ಕಿಂತ, ಮೀನು ಒಟ್ಟಾಗಿ ಬಂದು ಸೇರುವ ಕೆಲವೇ ಜಾಗಗಳಲ್ಲಿ ಅಳತೆ ಮಾಡುವುದು ಸುಲಭ. ಯಾವ ಲಾರಿಯಲ್ಲಿ ಯಾವ ಜಾತಿಯ ಮರಿ ಎಷ್ಟು ಬಂತು ಎಂಬ ಲೆಕ್ಕವನ್ನು ಕಾರ್ಖಾನೆಗಳಿಂದಲೇ ಕೇಳಿ ಪಡೆಯಬಹುದು. ಗುಜರಾತಿನಿಂದ ಕೇರಳದವರೆಗೆ ಎಲ್ಲ ರಾಜ್ಯಗಳಲ್ಲೂ ಕನಿಷ್ಠ ಗಾತ್ರ ಒಂದೇ ಇರಬೇಕು, ತಪಾಸಣೆಯೂ ಒಂದೇ ಬಿಗಿಯಲ್ಲಿರಬೇಕು. ಇಲ್ಲವಾದರೆ ಒಂದು ಬಂದರಿನಲ್ಲಿ ಇಳಿಸಲಾಗದ ಮರಿಮೀನು ಗಡಿಯಾಚೆಯ ಇನ್ನೊಂದು ಬಂದರಿನಲ್ಲಿ ರಾತ್ರಿ ಕಳೆಯುವುದರೊಳಗೆ ಇಳಿದಿರುತ್ತದೆ.